ಎದುರು ಬೆಂಚಿನ ಕ್ಯಾಮೆರಾ

ಮೊನ್ನೆ ಅಮ್ಮ ಮಾತ್ರೆಯ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲೆ ಮೊಬೈಲಿನ ಕ್ಯಾಮೆರಾ ತೆರೆದು, ಎರಡು ಬೆರಳಿನಿಂದ ಅಕ್ಷರಗಳನ್ನು ಹಿಗ್ಗಿಸಿದಳು. "ಇದ್ರಲ್ಲಾದ್ರೆ ಎಕ್ಸ್‌ಪೈರಿ ಡೇಟು ದೊಡ್ಡದಾಗಿ ಕಾಣತ್ತೆ ಕಣೇ" ಎಂದಳು. ನನಗೆ ಜಯನಗರದ ಲೈಬ್ರರಿಯ ಆ ಅಂಕಲ್ ನೆನಪಾದರು…

ಆಗ ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೆ. ಚರ್ಚಾಸ್ಪರ್ಧೆಗಳಿಗೆ ಟಿಪ್ಪಣಿ ಮಾಡಿಕೊಳ್ಳಲು ಲೈಬ್ರರಿಗೆ ಹೋಗುತ್ತಿದ್ದೆನಾದರೂ, ಪುಸ್ತಕಕ್ಕಿಂತ ಜನರ ಫೋನುಗಳನ್ನೇ ಹೆಚ್ಚು ಗಮನಿಸುತ್ತಿದ್ದೆ. ಗೈಡಿನೊಳಗೆ ಫೋನಿಟ್ಟುಕೊಂಡು ಕ್ರಿಕೆಟ್ ನೋಡುವವರು, ಚಾರ್ಜಿಗೆ ಹಾಕಿ ಪಕ್ಕದಲ್ಲೇ ನಿದ್ದೆ ಹೊಡೆಯುವವರು… ಎಲ್ಲರ ಕಳ್ಳಾಟವೂ ನನಗೆ ಗೊತ್ತಿತ್ತು. ಅರ್ಥವಾಗದಿದ್ದವರು ಎದುರು ಬೆಂಚಿನ ಅಂಕಲ್ ಒಬ್ಬರೇ.

ಅವರ ಎಡಗೈಯಲ್ಲಿ ಮಡಿಸಿದ ಪೇಪರು, ಬಲಗೈಯಲ್ಲಿ ಫೋನು. ಫೋನು ಪುಟದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಮೇಲಂಚಿಗೆ ಬಂದಾಗ ಅದರ ಲೆನ್ಸು ನೇರ ನನ್ನ ಕಡೆ. ಪೇಪರ್ ಓದುವವರಿಗೆ ಕ್ಯಾಮೆರಾ ಯಾಕೆ? ಮೂರು ದಿನ ಕಾದೆ. ನಾಲ್ಕನೆಯ ದಿನ ಎದ್ದು ನಿಂತೆ.

"ಅಂಕಲ್, ಯಾರ ಫೋಟೊ ತೆಗೀತಿದ್ದೀರಾ?"

ಇಡೀ ಕೋಣೆ ತಲೆ ಎತ್ತಿತು. ಅವರು ಫೋನನ್ನೇ ನನ್ನ ಕೈಗಿಟ್ಟರು. "ಕಣ್ಣು ಮಂಜಾಗಿದೆ ಕಣಮ್ಮಾ. ಅಕ್ಷರ ದೊಡ್ಡದು ಮಾಡ್ಕೊಂಡು ಓದ್ತೀನಿ. ಬೇಕಿದ್ರೆ ನೋಡು."

ಗ್ಯಾಲರಿ ತಡಕಿದೆ. ಗುಡ್ ಮಾರ್ನಿಂಗ್ ಹೂವುಗಳು, ಒಂದು ಗ್ಯಾಸ್ ಬಿಲ್ಲು, ಅಷ್ಟೇ. ಅಲ್ಲಿಗೇ ಕ್ಷಮೆ ಕೇಳಿ ಕೂರಬಹುದಿತ್ತು.

"ಡಿಲೀಟ್ ಮಾಡಿರಬಹುದಲ್ವಾ?" ಎಂದೆ.

ಹಿಂದೆ ಕೂತಿದ್ದವನೊಬ್ಬ ಪಕ್ಕದವನಿಗೆ, "ಸಖತ್ ಪಾಯಿಂಟ್ ಮಗಾ" ಎಂದು ನಕ್ಕ.

ಅಂಕಲ್ ನನ್ನನ್ನೇ ನೋಡಿದರು. "ತೆಗೀಲೇ ಇಲ್ಲ ಅಂತ ಹೇಗೆ ತೋರಿಸ್ಲಮ್ಮಾ?"

ಅಷ್ಟರಲ್ಲಿ ಲೈಬ್ರರಿ ಮೇಡಂ ಬಂದರು. "ಸಾರ್, ಫೋನ್ ಒಳಗಿಟ್ಟು ಓದೋದಾದ್ರೆ ಓದಿ. ಇಲ್ಲಾಂದ್ರೆ ಹೊರಡಿ." ಕೋಣೆ ತುಂಬ ಫೋನುಗಳಿದ್ದವು; ಮಾತು ಅವರೊಬ್ಬರಿಗೇ. ಅಂಕಲ್ ನನ್ನ ಕೈಯಿಂದ ಫೋನನ್ನು ತೆಗೆದುಕೊಂಡು ಜೇಬಿಗಿಟ್ಟರು. ಪೇಪರನ್ನು ಮೂಗಿನ ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು… ಆಮೇಲೆ ಅದನ್ನು ನೀಟಾಗಿ ಮಡಿಸಿಟ್ಟು ಹೋದರು. ಮತ್ತೆ ಬರಲಿಲ್ಲ.

ಅಪರಿಚಿತರ ಕ್ಯಾಮೆರಾವನ್ನು ಹುಡುಗಿಯರು ಅನುಮಾನಿಸಲೇಬೇಕು. ಇದನ್ನು ಇವತ್ತೂ ಯಾವ ವೇದಿಕೆಯಲ್ಲಾದರೂ ವಾದಿಸುತ್ತೇನೆ. ನನ್ನ ಮೊದಲ ಪ್ರಶ್ನೆ ಹೆದರಿಕೆಯದು. ಎರಡನೆಯದನ್ನು ಮಾತ್ರ ಸೋಲಲಾಗದೆ ಕೇಳಿದೆ.

ನಿನ್ನೆ ಲೈಬ್ರರಿಗೆ ಹೋಗಿದ್ದೆ. ಈಗ ಬೇರೆ ಮೇಡಂ ಇದ್ದಾರೆ. ಅಂಕಲ್ ಬಗ್ಗೆ ವಿಚಾರಿಸಿದರೆ, "ಹೆಸರೇನಮ್ಮ?" ಎಂದರು. ಅದೂ ನನಗೆ ಗೊತ್ತಿಲ್ಲ. ಸಿಕ್ಕಿದ್ದರೂ ಏನು ಹೇಳುತ್ತಿದ್ದೆನೋ… ಮಾಡದ್ದನ್ನು ಮಾಡಿಲ್ಲವೆಂದು ಯಾರಿಂದಲೂ ಸಾಬೀತು ಮಾಡಲಾಗದು. ಅದು ನನಗೆ ಆ ದಿನವೂ ಗೊತ್ತಿತ್ತು.