ಹಾರದ ಹಿಂದಿದ್ದ ಹೆಸರು

ಜೂನ್ 8, ಭಾನುವಾರ, ಬೆಳಿಗ್ಗೆ ಏಳೂವರೆ.

ನಮ್ಮೂರ ಕೆರೆ ಏರಿಯ ವೀರಗಲ್ಲನ್ನು ತ್ರೀಡಿ ಸ್ಕ್ಯಾನ್ ಮಾಡಿ ಉಳಿಸಿಡಲು ದೇವನಹಳ್ಳಿಯಿಂದ ಬಂದಿದ್ದವರನ್ನು ನಾವು ಪರಂಪರೆ ಸಾರ್ ಎನ್ನುತ್ತಿದ್ದೆವು. ಮದುವೆ ವಿಡಿಯೋದವರಂತೆ ಮೊಬೈಲ್ ಹಿಡಿದು ಕಲ್ಲನ್ನು ಸುತ್ತುತ್ತಿದ್ದರು.

“ಹಾರ ತೆಗೀಲಾ ಸಾರ್? ವೀರನ ಹೆಸ್ರು ಮುಚ್ಕೊಂಡೈತೆ,” ಎಂದರು ಪೂಜೆ ಮಾಡುವ ಅಜ್ಜಿ.

“ಬೇಡಮ್ಮ, ಹೂವಿದ್ರೇನೇ ಲುಕ್ಕು. ಸ್ಕ್ಯಾನ್ ಆಯ್ತಾ, ಸಾವಿರ ವರ್ಷ ಸೇಫ್!”

ಮಾತಿಗೊಮ್ಮೆ ಅವರು ಹೇಳುತ್ತಿದ್ದುದೇ ಇದು, ಸಾವಿರ ವರ್ಷ ಸೇಫ್.

ಅದಾಗಿ ವರ್ಷ ತುಂಬುವ ಮೊದಲೇ, ಕಳೆದ ತಿಂಗಳು, ಲೇಔಟ್ ರಸ್ತೆ ಮಾಡುವಾಗ ಕಲ್ಲು ಪುಡಿಯಾಯಿತು. ಸ್ಕ್ಯಾನನ್ನು ಅಜ್ಜಿಗೆ ತೋರಿಸಿದೆ. ಯಾವ ಕಡೆ ತಿರುಗಿಸಿದರೂ ಚೆಂಡುಹೂವಿನ ಎಸಳೆಸಳೂ ಸ್ಪಷ್ಟ. ಅಕ್ಷರ ಒಂದೂ ಇಲ್ಲ.

“ಹೋಗ್ಲಿ ಬಿಡಪ್ಪ, ಹೂವಾದ್ರೂ ಸಾವಿರ ವರ್ಷ ಬಾಡಲ್ಲ,” ಎಂದರು.

ಹಾರವಿಲ್ಲದ ದಿನ ಆ ಕಲ್ಲಿನ ಫೋಟೋ ತೆಗೆದವರಿದ್ದರೆ ದಯವಿಟ್ಟು ಬರೆಯಿರಿ. ವೀರನ ಹೆಸರನ್ನು ನಾವ್ಯಾರೂ ಓದಿಟ್ಟುಕೊಂಡಿರಲಿಲ್ಲ.