ಬಾವಿಯ ಇಪ್ಪತ್ತೊಂದು ಮೆಟ್ಟಿಲು

ನಮ್ಮೂರ ಬಾವಿಯ ಮೆಟ್ಟಿಲುಗಳನ್ನು ಕಿತ್ತವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪಂಚಾಯತಿಯವರನ್ನು ನಾವು ಎಷ್ಟು ಸಲ ಕೇಳಿದೆವು, ಅವರು ಏನೇನು ಉತ್ತರ ಕೊಟ್ಟರು ಎಂದು ಬರೆಯಲು ಕೂತವನು ತನ್ನ ಪಾಲಿನ ತಪ್ಪನ್ನು ಕೊನೆಯವರೆಗೆ ಬಚ್ಚಿಡುವುದು ಚಂದವಲ್ಲ.

ನಮ್ಮದು ಹಿರೇಕೆರೂರು ತಾಲೂಕಿನ ಸಣ್ಣ ಊರು. ಚಿಕ್ಕೇರೂರಿಗೆ ನಡೆದು ಹೋಗಿ ಬರುವಷ್ಟು ದೂರ. ನಾನು ಗೌಂಡಿ. ಮೂರನೆಯ ಇಯತ್ತೆಗೆ ಸಾಲಿ ಬಿಟ್ಟು ಅಪ್ಪನ ಹಿಂದೆ ಕಲ್ಲಿನ ಕೆಲಸಕ್ಕೆ ಹೋದೆ. ಹಾನಗಲ್ಲ, ಶಿಗ್ಗಾಂವಿ, ಸವಣೂರಿನಲ್ಲಿ ನಾನು ಕಟ್ಟಿದ ಗೋಡೆಗಳಿವೆ. ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿ, ಕೂದಲೆಳೆಯಷ್ಟೂ ವಾಲಿರುವುದಿಲ್ಲ. ಓದಿದವರು ಸಹಿ ಮಾಡುತ್ತಾರೆ, ನಾವು ಗೋಡೆ ನಿಲ್ಲಿಸುತ್ತೇವೆ ಎಂದು ಹೇಳಿಕೊಂಡು ತಿರುಗುತ್ತಿದ್ದ ಕಾಲ ಅದು.

ಊರಿಗೆ ಇದ್ದದ್ದು ಒಂದೇ ಬಾವಿ, ಇಪ್ಪತ್ತೊಂದು ಮೆಟ್ಟಿಲಿನದು. ಹೆಂಗಸರು ಕೆಳಗಿನ ಮೆಟ್ಟಿಲಿಗೆ ಇಳಿದು, ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಕೊಡ ಮುಳುಗಿಸುತ್ತಿದ್ದರು. ಮೇಲೆ ಹತ್ತುವಾಗ ನಡುವೆ ಒಂದು ಮೆಟ್ಟಿಲ ಮೇಲೆ ಕೊಡ ಇಳಿಸಿ ದಮ್ಮು ತೀರಿಸಿಕೊಳ್ಳುವುದು ರೂಢಿ. ಎಷ್ಟು ತಲೆಮಾರಿನ ಕೊಡಗಳೋ, ಆ ಕಲ್ಲಿನಲ್ಲಿ ತಟ್ಟೆಯಂಥ ಕುಳಿ ಬಿದ್ದಿತ್ತು.

ಆ ನೀರಿನಿಂದಲೇ ನಾರುಹುಣ್ಣು ಬರುತ್ತಿತ್ತು. ಕಾಲಿನಲ್ಲಿ ಬೊಬ್ಬೆ ಎದ್ದು, ಅದರಿಂದ ಬಿಳಿ ದಾರದಂಥ ಹುಳ ಹೊರಗೆ ಬರುವ ರೋಗ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಎಳೆಯಬೇಕು. ನಮ್ಮವ್ವನಿಗೆ ಎಳೆಯುವಾಗ ಒಳಗೇ ಹರಿಯಿತು. ಕಾಲು ಕೀವು ತುಂಬಿ ವಾಸಿಯಾಗುವ ಹೊತ್ತಿಗೆ ಹಿಮ್ಮಡಿ ನೆಲಕ್ಕೆ ಮುಟ್ಟದಂತಾಗಿತ್ತು. ಅಂದಿನಿಂದ ಆಕೆ ಬೆರಳ ತುದಿಯ ಮೇಲೆ ಕುಂಟುತ್ತಲೇ ನಡೆದಳು.

ಹೀಗಿರುವಾಗ ಅಭಿವೃದ್ಧಿ ಬ್ಲಾಕಿನ ಗ್ರಾಮಸೇವಕರು ಸೈಕಲ್ ಮೇಲೆ ಬಂದು ಚಾವಡಿಯಲ್ಲಿ ಜನ ಕೂಡಿಸಿದರು.

"ಹುಣ್ಣಿನ ಕಾಲಿಂದ ಹುಳ ನೀರಿಗೆ ಬೀಳತಾವು, ನೀರಾಗ ಯಾರೂ ಕಾಲ ಇಡಬಾರದ್ರಿ. ಮೆಟ್ಟಲಾ ಮುಚ್ಚಿ, ಸುತ್ತಲೂ ಒಂದ ಕಟ್ಟಿ ಕಟ್ಟಿ, ಗಡಗಡಿ ಹಾಕಿ ಮ್ಯಾಲಿಂದ ಸೇದಬೇಕು. ಸಿಮೆಂಟು, ಕಬ್ಬಿಣ ಸರಕಾರದ್ದು. ಮೈಮುರಿದು ದುಡಿಯೂದು ನಿಮ್ಮದು. ಯಾವೂರಾಗ ಶ್ರಮದಾನ ಮೊದಲ ಆಕ್ಕೇತೋ ಆ ಊರಿಗೆ ಮೊದಲ ಸಿಮೆಂಟ ಬರತೇತಿ."

ನನಗೆ ಅವ್ವನ ಕಾಲು ಕಣ್ಣ ಮುಂದೆ ಬಂತು. ಈ ಬಾವಿಗೆ ಗಡಗಡಿ ಬಿದ್ದರೆ ಇನ್ನೊಬ್ಬ ಹೆಣ್ಣುಮಗಳು ಹೀಗೆ ಕುಂಟುವುದು ಬೇಡ ಎಂದುಕೊಂಡೆ. ಊರಿನ ಮುಂದೆ ಎದ್ದು ನಿಂತು, "ನಾ ಕೀಳತೇನ್ರಿ ಮೆಟ್ಟಲಾ. ನಾನ ಕಟ್ಟತೇನಿ" ಎಂದೆ.

ಇಂಥ ಕೆಲಸಕ್ಕೆ ಒಂದು ಕ್ರಮವಿದೆ. ಮೊದಲು ನೀರಿನಂಚಿಗೆ ಅಡ್ಡಗೋಡೆ ಎಬ್ಬಿಸಬೇಕು. ಆಮೇಲೆ ಕೆಳಗಿನಿಂದ ಒಂದೊಂದೇ ಮೆಟ್ಟಿಲು ತೆಗೆದು, ತೆಗೆದ ಜಾಗಕ್ಕೆ ಮಣ್ಣು ತುಂಬುತ್ತ ಮೇಲೆ ಬರಬೇಕು. ಯಾಕೆಂದರೆ ಎರಡೂ ಬದಿಯ ಗೋಡೆಗಳು ಮೆಟ್ಟಿಲಿಗೆ ಆತುಕೊಂಡೇ ನಿಂತಿರುತ್ತವೆ. ಇದು ನನಗೆ ಗೊತ್ತಿತ್ತು. ಆದರೆ ಅಡ್ಡಗೋಡೆಗೆ ಸುಣ್ಣ ನಡೆಯದು, ಸಿಮೆಂಟೇ ಆಗಬೇಕು ಎಂದು ಎಸ್ಟಿಮೇಟಿನಲ್ಲಿತ್ತು. ಸಿಮೆಂಟು ಎಂಟು ದಿನದಲ್ಲಿ ಬರುತ್ತದೆ, ಅಷ್ಟರೊಳಗೆ ಬ್ಲಾಕಿನ ಸಾಹೇಬರು ನೋಡಲು ಬರುತ್ತಾರೆ, ಅವರ ಕಣ್ಣಿಗೆ ಕೆಲಸ ಕಾಣಬೇಕು ಎಂದರು ಗ್ರಾಮಸೇವಕರು.

ಹಾರೆ ಹೆಗಲಿಗೇರಿಸಿ ಹೊರಟವನನ್ನು ಅವ್ವ ಬಾಗಿಲಲ್ಲಿ ತಡೆದಳು.

"ಕೆಳಗಿನ ಗ್ವಾಡಿ ಎಬ್ಬಿಸದನ ಮೆಟ್ಟಲಾ ಕೀಳಾಕ ಹೊಂಟೀಯಲ್ಲೋ. ನಿಮ್ಮಪ್ಪ ಇದ್ದಿದ್ರ ಕೀಳತಿದ್ದನೇನು?"

"ಎಂಟು ದಿನದಾಗ ಸಿಮೆಂಟ ಬರತೇತಬೇ ಯವ್ವಾ."

"ನೀ ಕಣ್ಣಿಲೆ ನೋಡೀಯೇನು ಸಿಮೆಂಟ?"

"ಬರತೇತಂತ ಹೇಳ್ಯಾರಲ್ಲ."

ಅವ್ವ ಬಾಗಿಲಿಂದ ಪಕ್ಕಕ್ಕೆ ಸರಿದಳು. ಮೂರು ದಿನದಲ್ಲಿ ಇಪ್ಪತ್ತೊಂದೂ ಕಲ್ಲುಗಳನ್ನು ಮೇಲಕ್ಕೆ ಸಾಗಿಸಿ ಬೇವಿನ ಗಿಡದ ಕೆಳಗೆ ಸಾಲಾಗಿ ಇಟ್ಟೆವು. ಒಂದರ ಅಂಚೂ ಮುರಿಯಲಿಲ್ಲ. ಸಾಹೇಬರು ಬಂದರು, ನೋಡಿದರು, ನನ್ನ ಕೈ ಹಿಡಿದು ಕುಲುಕಿದರು. ಅದನ್ನು ನಾನು ಒಂದು ವಾರ ಊರೆಲ್ಲ ಹೇಳಿಕೊಂಡು ತಿರುಗಿದೆ.

ಸಿಮೆಂಟು ಬರಲಿಲ್ಲ. ಮುಂಗಾರು ಬಂತು. ಎರಡನೆಯ ಮಳೆಗೇ, ಒಂದು ದಿನ ಬೆಳಗಿನ ನ್ಯಾರಿ ಉಣ್ಣುವ ಹೊತ್ತಿನಲ್ಲಿ, ಬದಿಯ ಗೋಡೆಗಳು ಎರಡೂ ಬಾಗಿ ಬಿದ್ದವು. ಅವುಗಳ ಹಿಂದಿನ ಮಣ್ಣೆಲ್ಲ ಜಾರಿ ಬಾವಿ ಕೆಸರಿನ ಗುಂಡಿಯಾಯಿತು. ಊರಿನ ಗಂಡಸರೆಲ್ಲ ಸಲಿಕೆ ಬುಟ್ಟಿ ಹಿಡಿದು ಕೂಡಿದೆವು. ಹದಿನೈದು ದಿನ ದುಡಿದರೆ ತೆಗೆಯಬಹುದಾದ ಮಣ್ಣು. ಅಷ್ಟರಲ್ಲಿ ಗ್ರಾಮಸೇವಕರು ಸೈಕಲ್ ತುಳಿಯುತ್ತ ಬಂದರು.

"ಕೈ ಹಚ್ಚಬ್ಯಾಡ್ರಿ! ಇದು ಮಂಜೂರಾದ ಕೆಲಸ. ಇದ್ದಂಗ ಇರಬೇಕು. ನೀವ ಕೈ ಹಚ್ಚಿದ್ರ ಮಂಜೂರಿ ರದ್ದ ಆಕ್ಕೇತಿ."

ನಾವು ಸಲಿಕೆ ಕೆಳಗಿಟ್ಟೆವು. ಆ ದಿನ ಅವರ ಮಾತು ಕೇಳದೆ ಅಗೆದಿದ್ದರೆ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡಿದ್ದೇನೋ ಲೆಕ್ಕವಿಲ್ಲ. ಹೆಂಗಸರು ಹಳ್ಳಕ್ಕೆ ಹೋಗತೊಡಗಿದರು. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಉಸುಕು ತೋಡಿ ಒರತೆಯಿಂದ ಬಟ್ಟಲಲ್ಲಿ ಮೊಗೆದ ನೀರು. ಅವ್ವನೂ ಹೋದಳು. ಮದುವೆಯಾಗದ ನಾನು ದಿನ ಬೆಳಗಾದರೆ ಕೆಲಸಕ್ಕೆ ಊರೂರು ತಿರುಗುತ್ತಿದ್ದೆ. ಮನೆಯಲ್ಲಿ ನೀರು ತರಲು ಬೇರೆ ಯಾರಿದ್ದರು?

ಮರುವರ್ಷ ಪಂಚಾಯತಿ ಸಭೆಗೆ ಹೋಗಿ ಕೇಳಿದೆವು. ಚೇರಮನ್ನರು, "ಎಸ್ಟಿಮೇಟ್ ಮ್ಯಾಲೆ ಹೋಗೇತಿ, ಕುಂದರ್ರಿ, ಚಾ ಕುಡೀರಿ" ಎಂದರು. ಅದರ ಮುಂದಿನ ವರ್ಷವೂ ಚಹಾ ಕುಡಿದು ಬಂದೆವು. ಅಷ್ಟರಲ್ಲಿ ನಮ್ಮ ಸೀಮೆ ಮುಂಬೈ ಸರಕಾರ ಬಿಟ್ಟು ಮೈಸೂರು ಸರಕಾರಕ್ಕೆ ಸೇರಿತು. ಆಗ ಕೇಳಿದರೆ ಬಂದ ಉತ್ತರ ಬೇರೆ:

"ಕಾಗದಾ ಎಲ್ಲಾ ಮುಂಬೈಯಾಗ ಅದಾವು. ಬೆಂಗಳೂರಿಗೆ ಬರಬೇಕು. ಅಲ್ಲಿಂದ ಧಾರವಾಡಕ್ಕ, ಧಾರವಾಡದಿಂದ ಇಲ್ಲಿಗೆ."

ನಮ್ಮ ಓಣಿಯ ಗಾಣಿಗರ ಅಜ್ಜ ಹಿಂದಿನ ಸಾಲಿನಿಂದ ಕೇಳಿದ: "ನಡಕೊಂತ ಬರಾಕತ್ತಾವೇನ್ರಿ ಕಾಗದಾ? ಕಾಲ ನೋಯ್ತಿದ್ರ ಹೇಳ್ರಿ, ನಮ್ಮ ಚಕ್ಕಡಿ ಕಳಸ್ತೇವಿ."

ಎಲ್ಲರೂ ನಕ್ಕರು. ಚೇರಮನ್ನರೂ ನಕ್ಕರು. ಆ ನಗುವಿನಲ್ಲಿ ಸಭೆ ಮುಗಿದುಹೋಯಿತು. ಹೊರಗೆ ಬಂದ ಮೇಲೆ ಅಜ್ಜ, "ನಾನ ನಗಿಸಿ ಕೆಡಿಸಿದ್ನಲ್ಲೋ ತಮ್ಮಾ" ಎಂದು ಮುಖ ಸಣ್ಣದು ಮಾಡಿಕೊಂಡ.

ಕಾಗದ ಕೊನೆಗೂ ಬಂತು. ಅದಕ್ಕೆ ಎಷ್ಟು ವರ್ಷ ಹಿಡಿಯಿತೆಂದರೆ ಗ್ರಾಮಸೇವಕರು ಬದಲಾಗಿದ್ದರು, ಅಜ್ಜ ತೀರಿಕೊಂಡಿದ್ದ. ಸಭೆಯಲ್ಲಿ ಚೇರಮನ್ನರು ಓದಿ ಹೇಳಿದರು. ಮಂಜೂರಾಗಿದ್ದದ್ದು ಬಾವಿ ದುರಸ್ತಿ. ತಪಾಸಣೆಗೆ ಬಂದವರು ಆ ಜಾಗದಲ್ಲಿ ಬಾವಿ ಕಂಡುಬಂದಿಲ್ಲ ಎಂದು ಬರೆದಿದ್ದರು.

"ಬಾವಿನ ಇಲ್ಲಂದ ಮ್ಯಾಲೆ ದುರಸ್ತಿ ಯಾತರದು ಮಾಡ್ಲಿ, ನೀವ ಹೇಳ್ರಿ."

"ಬಾವಿ ಹೋಗಿದ್ದು ನೀವು ತಡ ಮಾಡಿದ್ದಕ್ಕಲ್ರಿ?" ಎಂದೆ.

"ಮೆಟ್ಟಲಾ ಕಿತ್ತಾಂವ ಯಾರಪಾ?"

ಸಭೆಯಲ್ಲಿ ಯಾರೂ ನನ್ನ ಮುಖ ನೋಡಲಿಲ್ಲ. ಹೊಸ ಬಾವಿಗೆ ಹೊಸ ಅರ್ಜಿ ಕೊಡಬೇಕು, ಅದಕ್ಕೆ ನಮ್ಮ ಊರಿನ ಸರದಿ ಬರಬೇಕು ಎಂದರು. ಅರ್ಜಿಗೆ ಮೊದಲ ಸಹಿ ನನ್ನದೇ.

ಅದೇ ಬೇಸಿಗೆ ಪಂಚಾಯತಿಗೆ ಹೊಸ ಆಫೀಸು ಎದ್ದಿತು. ಚೇರಮನ್ನರು ಮನೆಗೆ ಹೇಳಿಕಳಿಸಿದರು. ಹೋದೆ.

"ಬೇವಿನ ಗಿಡದ ಬುಡಕ ಕಲ್ಲು ಸುಮ್ಮನ ಬಿದ್ದಾವಲ್ಲ, ಆಫೀಸಿಗೆ ಮೆಟ್ಟಲಾ ಮಾಡಿಬಿಡು. ನಿನ್ನಂಥಾ ಕೈ ತಾಲೂಕಿನ್ಯಾಗ ಇನ್ನೊಂದಿಲ್ಲ."

ಆಗುವುದಿಲ್ಲ ಎಂದು ಎದ್ದು ಬಂದೆ. ಮನೆಗೆ ಬಂದು ಅವ್ವನಿಗೆ ಹೇಳಿದೆ.

"ನೀ ಮಾಡಲಿಲ್ಲಂದ್ರ?"

"ಸವಣೂರಿನ ಗೌಂಡಿನ್ನ ಕರಸ್ತಾರ."

"ಆಂವಾ ಒಡದು ಹಾಕತಾನ. ನೀನ ಮಾಡು."

ಮಾಡಿದೆ. ಏಳು ಮೆಟ್ಟಿಲಾದವು, ಉಳಿದ ಕಲ್ಲು ಜಗಲಿಗೆ ಹೋಯಿತು. ಸವೆದ ಕಲ್ಲನ್ನು ಗೌಂಡಿಯಾದವನು ಮಗುಚಿ ಇಡುತ್ತಾನೆ, ಸಪಾಟು ಬದಿ ಮೇಲೆ ಬರಲೆಂದು. ಎಲ್ಲವನ್ನೂ ಮಗುಚಿದೆ. ಕುಳಿ ಬಿದ್ದ ಒಂದನ್ನು ಮಾತ್ರ ಹಾಗೆಯೇ ಇಟ್ಟೆ. ಚೇರಮನ್ನರು ಯಾಕೆಂದು ಕೇಳಿದರು. ಹಿಂದಿನ ಬದಿ ಒರಟಾಗಿದೆ ಎಂದೆ. ಒರಟಾಗಿರಲಿಲ್ಲ.

ಹಳ್ಳದ ದಾರಿ ಆ ಆಫೀಸಿನ ಮುಂದೆಯೇ. ಅಲ್ಲಿ ನಡೆದ ಮೊದಲನೆಯ ಸಭೆಗೂ ಹೋದೆ, ಅರ್ಜಿ ಏನಾಯಿತು ಎಂದು ಕೇಳಲು. ನನ್ನ ಸರದಿ ಬಂದು ಎದ್ದು ನಿಂತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕೂತಿದ್ದ ಆಫೀಸಿನ ಸಿಪಾಯಿಯ ದನಿ ಕೇಳಿಸಿತು.

"ಆಯೀ, ಕೊಡಾ ತಗೀ ಅಲ್ಲಿಂದ. ಮಂದಿ ಅಡ್ಡಾಡೂ ಜಾಗ. ನೀರ ಚೆಲ್ಲಿ ಯಾರರ ಜಾರಿ ಬೀಳತಾರ."

"ತಗೀತೇನಪಾ. ದಮ್ಮ ಹತ್ತೇತಿ, ಚೂರ ತಡಿ."

ಕಿಟಕಿಯಿಂದ ನೋಡಿದೆ. ಕೊಡ ಆ ಕುಳಿಯಲ್ಲಿ ಒಂದಿಷ್ಟೂ ಅಲುಗಾಡದೆ ಕೂತಿತ್ತು. ಅವ್ವ ಅದರ ಪಕ್ಕ, ಕುಂಟು ಕಾಲು ಮುಂದೆ ಚಾಚಿ, ಸೆರಗಿನಿಂದ ಕುತ್ತಿಗೆ ಒರಸಿಕೊಳ್ಳುತ್ತಿದ್ದಳು.

"ಏನೋ ಕೇಳಾಕ ಎದ್ದಿದ್ಯಲ್ಲ, ಏನದು?" ಎಂದರು ಚೇರಮನ್ನರು.

"ಏನಿಲ್ರಿ" ಎಂದೆ.

ಹೊರಗೆ ಬಂದು ಕೊಡ ಎತ್ತಿ ನನ್ನ ಹೆಗಲಿಗೆ ಇಟ್ಟುಕೊಂಡೆ.

"ಇಳಸೋ, ಮಂದಿ ನೋಡತಾರ" ಎಂದಳು ಅವ್ವ.

"ನೋಡ್ಲಿ ಬಿಡಬೇ."

ಅವತ್ತು ಒಂದು ಕೊಡ ಮನೆ ಮುಟ್ಟಿಸಿದೆ. ಮರುದಿನ ಬೆಳಿಗ್ಗೆ ಶಿಗ್ಗಾಂವಿಯ ಕೆಲಸಕ್ಕೆ ಹೊರಟಾಗ ಅವ್ವ ಖಾಲಿ ಕೊಡ ಹಿಡಿದು ಹಳ್ಳದ ಕಡೆ ಹೊರಟಿದ್ದಳು. ಆಮೇಲೆ ನಾನು ಆ ಸಭೆಗಳಿಗೆ ಹೋಗಲಿಲ್ಲ. ಅವ್ವ ಹಳ್ಳಕ್ಕೆ ಹೋಗುವುದನ್ನು ಬಿಡಲಿಲ್ಲ, ಕಾಲು ಪೂರ್ತಿ ಸೋತುಹೋಗುವ ತನಕ.