ತಳ್ಳುವವನಿಗೂ ಒಂದು ಗೆರೆ

ನನ್ನ ಅಕ್ಕ ಇಪ್ಪತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದವಳು. ಮಂಡಿ ಕೈಕೊಟ್ಟಾಗ ನಾನೇ ಮಹಾ ಉಪಕಾರಿಯಂತೆ ನಮ್ಮ ಆಫೀಸಿಗೆ ಸೇರಿಸಿದೆ. ಟೈರ್ ಅಂಗಡಿಯ ಮೇಲಿನ ಮಹಡಿ. ಹನ್ನೊಂದು ಕಂಪ್ಯೂಟರು, ತಿರುಗಿದರೆ ತಿರುಗಿತು ಎನ್ನುವಂಥ ಒಂದು ಫ್ಯಾನು. ರಸ್ತೆಯ ಫೋಟೊಗಳ ಮೇಲೆ ಗೆರೆ ಎಳೆದು, ಇದು ಮನುಷ್ಯ, ಇದು ವಸ್ತು ಎಂದು ಚಾಲಕನಿಲ್ಲದ ಕಾರುಗಳಿಗೆ ಪಾಠ ಹೇಳುವುದು ನಮ್ಮ ಕೆಲಸ. ಮನುಷ್ಯನೆಂದರೆ ಕಾರು ದೂರ ಸರಿದು ನಿಧಾನಿಸುತ್ತದೆ. ವಸ್ತುವೆಂದರೆ ಪಕ್ಕದಲ್ಲೇ ಹಾದುಹೋಗುತ್ತದೆ. ಅಕ್ಕನ ಗೆರೆಗಳನ್ನು ತಪಾಸಣೆ ಮಾಡುವ ಪಂಡಿತ ನಾನು.

ಅಕ್ಕನಿಗೊಂದು ಹಟ. ತಳ್ಳುಗಾಡಿಯ ಫೋಟೊ ಬಂದರೆ, ಹಿಂದೆ ಬಗ್ಗಿ ತಳ್ಳುವವನನ್ನು ಗಾಡಿಯಿಂದ ಬಿಡಿಸಿ, ಬಟ್ಟೆ ಕತ್ತರಿಸಿದಷ್ಟು ಜೋಪಾನವಾಗಿ ಅವನಿಗೆ ಬೇರೆ ಗೆರೆ ಎಳೆಯುತ್ತಿದ್ದಳು.

“ಅಕ್ಕಾ, ಇದೇನು ಮದುವೆ ಅಂಗೀನಾ? ಎರಡೂ ಸೇರಿಸಿ ‘ಗಾಡಿ’ ಅನ್ನು, ಮುಗೀತು. ಎಲ್ಲರೂ ಹಾಗೇ ಮಾಡೋದು.”

“ಲೋ ಮೇಷ್ಟ್ರೇ, ತಳ್ಳೋನು ಗಾಡಿಯ ಬಿಡಿಭಾಗವೇನೋ? ಹಾಗಾದ್ರೆ ನಿನ್ನ ಭಾವನ್ನೂ ಗಾಡಿ ಜೊತೆ ಅಂಗಳದಲ್ಲೇ ಮಲಗಿಸಲಾ?”

ಭಾವ ತರಕಾರಿ ಗಾಡಿಯವರು. ಇಡೀ ಮಹಡಿ ನಕ್ಕಿತು, ನಾನೂ ನಕ್ಕೆ. ಆಮೇಲೆ ತಪಾಸಣೆಯಲ್ಲಿ ಅವಳ ಗೆರೆಗಳನ್ನು ಅಳಿಸಿ, ಒಂದೇ ದೊಡ್ಡ ಚೌಕ ಹಾಕಿ ಕಳಿಸಿದೆ. ಅವಳಿಗೆ ಹೇಳಲಿಲ್ಲ. ಆ ತಿಂಗಳು ಬೇಗ ಕೆಲಸ ಮುಗಿಸಿದ್ದಕ್ಕೆ ನನಗೆ ಶಭಾಸ್‌ಗಿರಿ ಸಿಕ್ಕಿತು.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ, ಗಾಡಿ ತಳ್ಳುತ್ತಿದ್ದ ಭಾವ ರಸ್ತೆಯ ಗುಂಡಿ ತಪ್ಪಿಸಲು ಒಂದು ಹೆಜ್ಜೆ ಬದಿಗಿಟ್ಟರು. ಪಕ್ಕದಲ್ಲೇ ಅಂಥದೊಂದು ಚಾಲಕನಿಲ್ಲದ ಕಾರು ಬರುತ್ತಿತ್ತು. ಗಾಡಿಗೆ ಕಾಲಿದೆ, ಅದು ಹೆಜ್ಜೆ ಇಡುತ್ತದೆ ಎಂದು ಕಾರಿಗೆ ಯಾರೂ ಕಲಿಸಿರಲಿಲ್ಲ. ಅದು ಬಡಿದು ಭಾವನ ಸೊಂಟ ಮುರಿಯಿತು.

“ಭಾಮೈದ, ಗಾಡಿಗೆ ಒಂದು ಗೀರೂ ಇಲ್ಲವಂತೆ ಕಣಯ್ಯ,” ಎಂದು ಆಸ್ಪತ್ರೆಯಲ್ಲಿ ನಗಲು ಹೋಗಿ ಭಾವ ನರಳಿದರು.

ಅಕ್ಕ ನನ್ನನ್ನು ಬಾಗಿಲಾಚೆ ಕರೆದಳು. “ನಾನು ತಳ್ಳೋರನ್ನ ಬೇರೆ ಮಾಡಿದ್ದೆನಲ್ಲೋ. ಎಲ್ಲೋ ನನ್ನ ಗೆರೆಯೇ ಸೊಟ್ಟಗಾಗಿತ್ತೇನೋ...”

ಅವಳು ಬೈದಿದ್ದರೆ ಏನಾದರೂ ತಮಾಷೆ ಮಾಡಿ ಜಾರಿಕೊಳ್ಳುತ್ತಿದ್ದೆ. ಎಲ್ಲವನ್ನೂ ಹೇಳಿದೆ.

“ಅಂಥವು ಎಷ್ಟು ಅಳಿಸಿದೆ?”

ನನಗೇ ಗೊತ್ತಿರಲಿಲ್ಲ.

“ಹೋಗಿ ಹುಡುಕು.”

ಮೇಲಿನವರಿಗೆ ತಪ್ಪೊಪ್ಪಿಗೆ ಬರೆದುಕೊಟ್ಟೆ. ಫೋಟೊಗಳು ತಿದ್ದಲು ವಾಪಸು ಬಂದಿವೆ. ಕಾರುಗಳು ಮಾತ್ರ ಇನ್ನೂ ಓಡುತ್ತಿವೆ. ಭಾವನನ್ನು ಎಬ್ಬಿಸಿ ಕೂರಿಸಬೇಕಾದ ಅಕ್ಕ ಕೆಲಸ ಬಿಟ್ಟಿದ್ದಾಳೆ. ತಳ್ಳುವವರನ್ನು ಗಾಡಿಯಿಂದ ಒಬ್ಬೊಬ್ಬರನ್ನಾಗಿ ನಾನೇ ಬಿಡಿಸುತ್ತಿದ್ದೇನೆ. ಬೆರಳು ಎಲ್ಲಿ ಮುಗಿಯಿತು, ಗಾಡಿಯ ಹಿಡಿ ಎಲ್ಲಿ ಶುರುವಾಯಿತು ಎಂದು ಪ್ರತಿ ಸಲವೂ ತಡವರಿಸುತ್ತೇನೆ. ಕೇಳೋಣವೆಂದು ತಿರುಗಿದರೆ ಪಕ್ಕದ ಕುರ್ಚಿ ಖಾಲಿ.